ಜಿಮ್‌ನಲ್ಲಿ ಕುಡಿಯುವ ಅಮೈನೋ ಪುಡಿಯಿಂದ ಸ್ನಾಯು ನಿಜಕ್ಕೂ ಬೆಳೆಯುತ್ತದೆಯೇ?

ಸಂಜೆಯ ಅಭ್ಯಾಸಿ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 31, ತೂಕ 68 ಕಿಲೋ. ಕಚೇರಿ ಮುಗಿಸಿಕೊಂಡು ವಾರಕ್ಕೆ ನಾಲ್ಕು ಸಂಜೆ ಜಿಮ್‌ಗೆ ಹೋಗಿ ಭಾರ ಎತ್ತುತ್ತೇನೆ. ಮೊಟ್ಟೆ, ಹಾಲು, ಬೇಳೆಕಾಳು, ಜೊತೆಗೆ ಎರಡು ಸ್ಕೂಪ್ ವೇ ಪ್ರೊಟೀನ್ (ಹಾಲಿನಿಂದ ತೆಗೆದ ಪ್ರೊಟೀನ್ ಪುಡಿ) ಎಲ್ಲ ಸೇರಿ ದಿನಕ್ಕೆ ಸುಮಾರು 110 ಗ್ರಾಂ ಪ್ರೊಟೀನ್ ಹೊಟ್ಟೆಗೆ ಹೋಗುತ್ತದೆ. ತಿಂದದ್ದನ್ನೆಲ್ಲ ಮೊಬೈಲ್‌ನಲ್ಲಿ ಬರೆದಿಡುವ ಚಾಳಿ ನನಗಿದೆ, ಹಾಗಾಗಿ ಈ ಅಂಕಿ ಹೆಚ್ಚುಕಡಿಮೆ ಸರಿ.

ಕೆಲವು ವಾರಗಳಿಂದ ಎತ್ತುವ ಭಾರ ನಿಂತಲ್ಲೇ ನಿಂತಿದೆ. ನಮ್ಮ ತರಬೇತುದಾರರು "ನಿಮಗೆ ಅಮೈನೋ ಸಾಲುತ್ತಿಲ್ಲ" ಎಂದು ಬಿಸಿಎಎ (ಮೂರು ಬಗೆಯ ಅಮೈನೋ ಆಮ್ಲಗಳ ಪುಡಿ) ಡಬ್ಬವೊಂದನ್ನು ಕೊಡಿಸಿದ್ದಾರೆ. ವ್ಯಾಯಾಮದ ನಡುನಡುವೆ ಗುಟುಕರಿಸಬೇಕಂತೆ. ಲೇಬಲ್ ಪ್ರಕಾರ 7 ಗ್ರಾಂ ಸ್ಕೂಪಿನಲ್ಲಿ ಲ್ಯೂಸಿನ್ 3 ಗ್ರಾಂ, ಐಸೊಲ್ಯೂಸಿನ್ 1.5, ವ್ಯಾಲಿನ್ 1.5, ಉಳಿದದ್ದು ಹುಳಿ, ಬಣ್ಣ, ಸಿಹಿಕಾರಕ. ಕ್ಯಾಲೊರಿ ಶೂನ್ಯ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ನೀರಿಗೆ ಹಾಕಿದರೆ ಪುಡಿ ಮೇಲೆ ತೇಲುತ್ತದೆ. ಎಷ್ಟು ಕುಲುಕಿದರೂ ಒಂದಿಷ್ಟು ಶೇಕರ್‌ನ ಗೋಡೆಗೆ ಬಿಳಿಯಾಗಿ ಅಂಟಿಕೊಂಡೇ ಇರುತ್ತದೆ. ಹಣ್ಣಿನ ಪರಿಮಳದ ಹಿಂದೆಯೇ ನಾಲಿಗೆಯ ಬುಡದಲ್ಲಿ ಕಹಿ.

ಇದಾದ ಮೇಲೆ ಇಎಎ (ಆಹಾರದಿಂದಲೇ ಬರಬೇಕಾದ ಒಂಬತ್ತು ಅಮೈನೋ ಆಮ್ಲಗಳ ಪುಡಿ), ಅದಾದ ಮೇಲೆ ಗ್ಲುಟಮಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಎಂದು ಪಟ್ಟಿ ಇನ್ನೂ ಉದ್ದವಿದೆ. ಕುಡಿದರೆ ನಿಜಕ್ಕೂ ಏನಾದರೂ ಆಗುತ್ತದೆಯೇ? ಇನ್ನೊಂದು ಮಾತು: ಇದನ್ನು ಕೂದಲಿನಿಂದ ಮಾಡುತ್ತಾರೆ ಎಂದು ಗೆಳೆಯನೊಬ್ಬ ಹೆದರಿಸಿದ್ದಾನೆ. ಹೌದೇ?

---

ಕಬ್ಬಿಣದ ಸರಳು:

ನಾನೂ ತರಬೇತಿ ಕೊಡುವವನೇ. ಬಿಸಿಎಎ ಕುಡಿಯುವವರು ಮರುದಿನ ಮೈಕೈ ನೋವು ಕಡಿಮೆ ಎನ್ನುತ್ತಾರೆ, ಅಭ್ಯಾಸವನ್ನೂ ತಪ್ಪಿಸುವುದಿಲ್ಲ. ಸುಮ್ಮನೆ ಬಾಯಿಮಾತಲ್ಲ, ಸಂಶೋಧನೆಯೂ ಇದೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 5.6 ಗ್ರಾಂ ಬಿಸಿಎಎ ಕುಡಿದವರಲ್ಲಿ ಸ್ನಾಯು ಪ್ರೊಟೀನ್ ತಯಾರಿಕೆ ಶೇ 22ರಷ್ಟು ಹೆಚ್ಚಾಗಿತ್ತು. ನಿಮ್ಮ ಡಬ್ಬದಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ತರಬೇತುದಾರರು ಹೇಳಿದ ಹಾಗೆ ಮುಂದುವರಿಸಿ.

---

ಆಸ್ಪತ್ರೆಯ ಆಹಾರತಜ್ಞೆ:

ಆ ಶೇ 22ರಿಂದಲೇ ಶುರು ಮಾಡೋಣ. ಡಬ್ಬ ಮಾರುವವರೆಲ್ಲರ ಬಾಯಲ್ಲಿ ಅದು ಕುಣಿಯುತ್ತಿರುತ್ತದೆ.

ಆ ಅಧ್ಯಯನದಲ್ಲಿದ್ದವರು ಹತ್ತು ಮಂದಿ ಯುವಕರು. ಕಾಲಿನ ವ್ಯಾಯಾಮದ ನಂತರದ ಕೆಲವು ಗಂಟೆಗಳಲ್ಲಿ ಸ್ನಾಯುವಿನಲ್ಲಿ ಹೊಸ ಪ್ರೊಟೀನ್ ಎಷ್ಟು ತಯಾರಾಯಿತು ಎಂದು ಅಳೆದರು. ಹೋಲಿಕೆ ಯಾವುದರ ಜೊತೆ? ಅಮೈನೋ ಆಮ್ಲವೇ ಇಲ್ಲದ ಪಾನೀಯದ ಜೊತೆ. ಏನೂ ಕುಡಿಯದವರಿಗಿಂತ ಶೇ 22 ಹೆಚ್ಚು ಎಂದರೆ ಸರಿ, ಒಪ್ಪಿದೆ. ಅದೇ ಪ್ರಮಾಣದ ಬಿಸಿಎಎ ಸಹಜವಾಗಿಯೇ ಇರುವ ವೇ ಪ್ರೊಟೀನ್ ಕೊಟ್ಟಾಗ ಸಿಗುವ ಏರಿಕೆಯ ಮುಂದೆ ಇದು ಸುಮಾರು ಅರ್ಧ ಮಾತ್ರ. ಈ ಅರ್ಧದ ಸಂಗತಿಯನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಕೆಲವು ಗಂಟೆಗಳ ಅಳತೆಯೇ ಬೇರೆ, ಆರು ತಿಂಗಳ ನಂತರ ತೋಳಿನ ಸುತ್ತಳತೆಯೇ ಬೇರೆ ಎಂಬುದು ಇನ್ನೊಂದು ತಕರಾರು.

ಅರ್ಧ ಏಕೆ? ನಮ್ಮ ದೇಹದ ಪ್ರೊಟೀನುಗಳು 20 ಬಗೆಯ ಅಮೈನೋ ಆಮ್ಲಗಳಿಂದ ಆದವು. ಅವುಗಳಲ್ಲಿ ಒಂಬತ್ತನ್ನು ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು: ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಲೈಸಿನ್, ಮೆಥಿಯೊನಿನ್, ಥ್ರಿಯೊನಿನ್, ಟ್ರಿಪ್ಟೊಫಾನ್, ಹಿಸ್ಟಿಡಿನ್, ಫಿನೈಲ್‌ಅಲನಿನ್. ಬಿಸಿಎಎ ಎಂದರೆ ಇವುಗಳ ಪೈಕಿ ಮೊದಲ ಮೂರು, ಅಷ್ಟೇ. ಮೂರರಲ್ಲಿ ಲ್ಯೂಸಿನ್‌ಗೆ ವಿಶೇಷ ಗುಣವಿರುವುದು ನಿಜ. ಜೀವಕೋಶದೊಳಗೆ ಎಂಟಾರ್ ಎಂಬ ನಿಯಂತ್ರಕವನ್ನು ಚುರುಕುಗೊಳಿಸಿ "ಪ್ರೊಟೀನ್ ಕಟ್ಟಲು ಶುರುಮಾಡು" ಎಂಬ ಸಂಕೇತ ಕೊಡುವುದು ಅದೇ. ಆದರೆ ಸಂಕೇತದಿಂದಲೇ ಸ್ನಾಯು ಆಗುವುದಿಲ್ಲ. ಉಳಿದ ಆರು ಎಲ್ಲಿಂದ ಬರಬೇಕು? ಹೊಟ್ಟೆಯಲ್ಲಿ ಬೇರೆ ಆಹಾರ ಇಲ್ಲದಿದ್ದರೆ ಅವು ಬರುವುದು ಇರುವ ಸ್ನಾಯು ಕರಗಿಯೇ. ಮೇಸ್ತ್ರಿಗೆ ಗೋಡೆ ಎತ್ತು ಎಂದು ಅವಸರ ಮಾಡಿ, ಇಟ್ಟಿಗೆಯನ್ನು ಅದೇ ಮನೆಯ ಹಿತ್ತಲ ಗೋಡೆಯಿಂದ ಕಿತ್ತುಕೊಳ್ಳಲು ಹೇಳಿದ ಹಾಗೆ.

ರಾಬರ್ಟ್ ವೂಲ್ಫ್ ಈ ವಿಷಯದಲ್ಲಿ ದಶಕಗಳ ಕಾಲ ಕೆಲಸ ಮಾಡಿದ ವಿಜ್ಞಾನಿ. ಅವರು 2017ರಲ್ಲಿ ಹಳೆಯ ಸಂಶೋಧನೆಗಳನ್ನೆಲ್ಲ ಜಾಲಾಡಿದಾಗ, ಮನುಷ್ಯರಿಗೆ ಬಿಸಿಎಎಯನ್ನು ಮಾತ್ರ ರಕ್ತನಾಳದ ಮೂಲಕ ಕೊಟ್ಟು ನೋಡಿದ ಅಧ್ಯಯನಗಳು ಎರಡೇ ಸಿಕ್ಕವು. ಎರಡರಲ್ಲೂ ಸ್ನಾಯು ಕರಗುವುದು ಕಡಿಮೆಯಾಗಿತ್ತು, ಕಟ್ಟುವುದೂ ಕಡಿಮೆಯಾಗಿತ್ತು. ಬಿಸಿಎಎ ಒಂದರಿಂದಲೇ ಸ್ನಾಯು ಬೆಳೆಯುತ್ತದೆ ಎಂಬ ಹೇಳಿಕೆಗೆ ಆಧಾರವಿಲ್ಲ ಎಂದು ಅವರು ಖಡಾಖಂಡಿತವಾಗಿ ಬರೆದರು.

ಈಗ ನಿಮ್ಮ ಲೆಕ್ಕ. ನೀವು ತಿನ್ನುವ 110 ಗ್ರಾಂ ಪ್ರೊಟೀನಿನಲ್ಲಿ ಸುಮಾರು 20 ಗ್ರಾಂ ಬಿಸಿಎಎ ಆಗಲೇ ಇದೆ. ಒಂದು ಸ್ಕೂಪ್ ವೇ ಪ್ರೊಟೀನಿನಲ್ಲೇ ಐದು ಗ್ರಾಂ ಆಸುಪಾಸು ಇರುತ್ತದೆ, ಅದರಲ್ಲಿ ಲ್ಯೂಸಿನ್ ಎರಡೂವರೆ ಗ್ರಾಂ. ಅಂದರೆ ಆ ಡಬ್ಬದಲ್ಲಿರುವುದು ನೀವು ಈಗಾಗಲೇ ಕುಡಿಯುತ್ತಿರುವ ವಸ್ತುವಿನ ಒಂದು ತುಂಡು. "ಅಮೈನೋ ಸಾಲುತ್ತಿಲ್ಲ" ಎಂದವರು ನೀವು ದಿನಕ್ಕೆ ಏನು ತಿನ್ನುತ್ತೀರಿ ಎಂದು ಕೇಳಿದ್ದರೇ?

ತೇಲುವುದಕ್ಕೂ ಕಹಿಗೂ ಹೆದರಬೇಡಿ. ಲ್ಯೂಸಿನ್ ನೀರಿಗೆ ಅಷ್ಟಾಗಿ ಒಗ್ಗುವುದಿಲ್ಲ, ರುಚಿಯೂ ಕಹಿಯೇ. ಅಪರೂಪಕ್ಕೆ ಡಬ್ಬ ಸತ್ಯ ನುಡಿದಿದೆ ಎಂದುಕೊಳ್ಳಿ. ಶೂನ್ಯ ಕ್ಯಾಲೊರಿ ಎಂಬುದು ಮಾತ್ರ ಸುಳ್ಳು. ಅಮೈನೋ ಆಮ್ಲವೂ ಗ್ರಾಮಿಗೆ ನಾಲ್ಕು ಕ್ಯಾಲೊರಿಯ ಆಸುಪಾಸಿನಲ್ಲಿ ಶಕ್ತಿ ಕೊಡುತ್ತದೆ.

---

ಕಬ್ಬಿಣದ ಸರಳು:

ಮೇಡಂ, ಎಲ್ಲರೂ ಲೆಕ್ಕ ಬರೆದು ತಿನ್ನುವವರಲ್ಲ. ನನ್ನ ಬಳಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರುವವರಿದ್ದಾರೆ. ಅವರ ಸ್ನಾಯು ಕರಗದಿರಲಿ ಎಂದು ಬಿಸಿಎಎ ಕೊಡುತ್ತೇವೆ. ನೋವು ಕಡಿಮೆಯಾಗುತ್ತದೆ ಎಂಬ ನನ್ನ ಮಾತಿಗೂ ನೀವು ಉತ್ತರ ಕೊಡಲಿಲ್ಲ. ಸುಸ್ತೂ ಬೇಗ ಆಗುವುದಿಲ್ಲ ಎನ್ನುತ್ತಾರೆ.

---

ಆಸ್ಪತ್ರೆಯ ಆಹಾರತಜ್ಞೆ:

ನೋವಿನ ವಿಷಯದಲ್ಲಿ ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ವ್ಯಾಯಾಮದ ನಂತರದ ಒಂದೆರಡು ದಿನ ಮೈನೋವು ತುಸು ಕಡಿಮೆ ಎಂದು ತೋರಿಸಿದ ಅಧ್ಯಯನಗಳಿವೆ. ಆದರೆ ನೋವು ಕಡಿಮೆಯಾದರೆ ಸ್ನಾಯು ಹೆಚ್ಚಾಯಿತು ಎಂದಲ್ಲವಲ್ಲ. ಪ್ರಶ್ನೆ ಇದ್ದದ್ದು ಸ್ನಾಯುವಿನ ಬಗ್ಗೆ.

ಖಾಲಿ ಹೊಟ್ಟೆಯವರಿಗೆ ಬಿಸಿಎಎ ಕೊಡುವುದು ನನಗೆ ಅರ್ಥವೇ ಆಗದ ವಾದ. ಏನನ್ನೋ ಕುಡಿಸುವುದೇ ಆದರೆ ಒಂಬತ್ತೂ ಇರುವುದನ್ನು ಕುಡಿಸಿ. ಒಂದು ಲೋಟ ಹಾಲು ಕುಡಿದರೂ ಹೊಟ್ಟೆ ಖಾಲಿ ಇರುವುದಿಲ್ಲ, ಬಿಸಿಎಎ ಕುಡಿದರೂ ಇರುವುದಿಲ್ಲ. ಹಿಂದಿನ ರಾತ್ರಿ ಹೊಟ್ಟೆತುಂಬ ಪ್ರೊಟೀನ್ ತಿಂದಿದ್ದರೆ ಅದರ ಕೆಲಸವೂ ಇನ್ನೂ ಪೂರ್ತಿ ಮುಗಿದಿರುವುದಿಲ್ಲ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವ್ಯಾಯಾಮದ ನಂತರ ಒಂದೇ ಸಲ 100 ಗ್ರಾಂ ಹಾಲಿನ ಪ್ರೊಟೀನ್ ಕೊಟ್ಟು ನೋಡಿದರು. ಹನ್ನೆರಡು ಗಂಟೆ ಕಳೆದರೂ ದೇಹ ಅದನ್ನು ಬಳಸಿಕೊಳ್ಳುತ್ತಲೇ ಇತ್ತು. ಭಾರ ಎತ್ತಿದ ಸ್ನಾಯು ಕೂಡ ಒಂದೆರಡು ದಿನ ಪ್ರೊಟೀನಿಗಾಗಿ ಬಾಗಿಲು ತೆರೆದೇ ಇಟ್ಟಿರುತ್ತದೆ. ಅರ್ಧ ಗಂಟೆ ತಡವಾದರೆ ಎಲ್ಲ ಹೋಯಿತು ಎಂಬ ಗಾಬರಿ ಬೇಡ.

ಸುಸ್ತಿನ ಕಥೆಗೆ 1980ರ ದಶಕದ ಒಂದು ಊಹೆ ಮೂಲ. ಟ್ರಿಪ್ಟೊಫಾನ್ ಮಿದುಳಿಗೆ ಹೋಗಿ ಸೆರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕ ಆಗುತ್ತದೆ, ಅದರಿಂದ ಆಯಾಸ. ಬಿಸಿಎಎ ಅದೇ ಬಾಗಿಲಲ್ಲಿ ನುಗ್ಗಿ ಟ್ರಿಪ್ಟೊಫಾನನ್ನು ತಡೆಯುತ್ತದೆ ಎಂಬುದು ತರ್ಕ. ತರ್ಕ ಸೊಗಸಾಗಿದೆ. ಓಡಿಸಿ, ಸೈಕಲ್ ತುಳಿಸಿ ಪರೀಕ್ಷಿಸಿದಾಗ ಮಾತ್ರ ಫಲಿತಾಂಶ ಒಮ್ಮೆ ಹೀಗೆ, ಒಮ್ಮೆ ಹಾಗೆ.

ನಿಮ್ಮ ಶಿಷ್ಯರು ನಿಜವಾಗಿ ಪ್ರೊಟೀನ್ ಕಡಿಮೆ ತಿನ್ನುವವರಾದರೆ ಬಿಸಿಎಎಯಿಂದ ಆಗುವುದಕ್ಕಿಂತ ಹೆಚ್ಚು ಲಾಭ ಊಟ ಸರಿಪಡಿಸುವುದರಿಂದ ಆಗುತ್ತದೆ. ಅದರಲ್ಲೂ ಅತಿ ಆಸೆ ಬೇಡ. 2018ರಲ್ಲಿ 49 ಅಧ್ಯಯನಗಳನ್ನು, 1,863 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಭಾರ ಎತ್ತುವುದರ ಜೊತೆಗೆ ಪ್ರೊಟೀನ್ ಪೂರಕ ಸೇವಿಸಿದವರಿಗೆ ಸೇವಿಸದವರಿಗಿಂತ ಹೆಚ್ಚಾಗಿ ಸಿಕ್ಕಿದ ಕೊಬ್ಬುರಹಿತ ತೂಕ ಸರಾಸರಿ 0.3 ಕಿಲೋ. ಹೌದು, ಮುನ್ನೂರು ಗ್ರಾಂ. ದೇಹತೂಕದ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚುವರಿ ಲಾಭವೂ ಕಾಣಲಿಲ್ಲ. ಒಂಬತ್ತೂ ಅಮೈನೋ ಆಮ್ಲಗಳಿರುವ ಪೂರ್ಣ ಪ್ರೊಟೀನ್ ಕೊಡುವುದೇ ಇಷ್ಟಾದರೆ, ಅದರಿಂದ ಮೂರನ್ನು ಹೆಕ್ಕಿ ಬಣ್ಣ ಹಾಕಿ ಮಾರಿದರೆ ಎಷ್ಟು ಕೊಟ್ಟೀತು?

ಪ್ರಶ್ನೆ ಕೇಳಿದವರ 68 ಕಿಲೋಗೆ 1.6 ಗ್ರಾಂನಂತೆ 109 ಗ್ರಾಂ. ಅವರು ಅಲ್ಲೇ ಇದ್ದಾರೆ.

---

ಪ್ರಯೋಗಾಲಯದ ಮೂಲೆಯಿಂದ:

ಆಹಾರ ಪರೀಕ್ಷೆ ನನ್ನ ಹೊಟ್ಟೆಪಾಡು, ಆದ್ದರಿಂದ ಕೂದಲಿನ ಪ್ರಶ್ನೆ ನನಗಿರಲಿ. ಗೆಳೆಯ ಪೂರ್ತಿ ಸುಳ್ಳು ಹೇಳಿಲ್ಲ. ಕೂದಲು, ಕೋಳಿ ಗರಿಗಳಲ್ಲಿ ಕೆರಾಟಿನ್ ಪ್ರೊಟೀನ್ ತುಂಬಿರುತ್ತದೆ. ಅದನ್ನು ಆಮ್ಲದಲ್ಲಿ ಕುದಿಸಿ ಒಡೆದು ಅಮೈನೋ ಆಮ್ಲ ಬೇರ್ಪಡಿಸುವುದು ಹಳೆಯ ಪದ್ಧತಿ. ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಉಣಿಸಿ ಹುದುಗುವಿಕೆಯಿಂದ ತಯಾರಿಸುವುದು ಇನ್ನೊಂದು ದಾರಿ. 1950ರ ದಶಕದಲ್ಲಿ ಜಪಾನಿನಲ್ಲಿ ಗ್ಲುಟಾಮಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾ ಪತ್ತೆಯಾದ ಮೇಲೆ ಈ ದಾರಿ ಹೆದ್ದಾರಿಯಾಯಿತು. ಸಸ್ಯಮೂಲ, ಹುದುಗುವಿಕೆಯಿಂದ ತಯಾರಿಸಿದ್ದು ಎಂದು ಸ್ಪಷ್ಟವಾಗಿ ಬರೆದಿದ್ದರೆ ಸರಿ. ಏನೂ ಬರೆಯದಿದ್ದರೆ ಕಂಪನಿಗೇ ಕೇಳಬೇಕು. ಎರಡರಲ್ಲೂ ಸಿಗುವ ಲ್ಯೂಸಿನ್ ಅಣು ಒಂದೇ. ವ್ಯತ್ಯಾಸ ಮನಸ್ಸಿಗೆ, ನಂಬಿಕೆಗೆ.

ಕೇಳದಿದ್ದರೂ ಇನ್ನೊಂದು ಸಂಗತಿ ಹೇಳುತ್ತೇನೆ. ನಿಮ್ಮ ಬಿಸಿಎಎಗಿಂತ ಆ ವೇ ಡಬ್ಬದ ಮೇಲೆ ಕಣ್ಣಿಡಿ. ಪುಡಿಯಲ್ಲಿ ಪ್ರೊಟೀನ್ ಎಷ್ಟಿದೆ ಎಂದು ನಾವು ನೇರವಾಗಿ ಅಳೆಯುವುದು ಕಡಿಮೆ. ಅದರಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತೇವೆ. ಕ್ಯೆಲ್ದಾಲ್ ಎಂಬ ಡೆನ್ಮಾರ್ಕ್‌ನ ರಸಾಯನಶಾಸ್ತ್ರಜ್ಞ 1883ರಲ್ಲಿ ಕೊಟ್ಟ ವಿಧಾನ ಇದಕ್ಕೆ ತಳಹದಿ. ಸಾರಜನಕ ಎಲ್ಲಿಂದ ಬಂತು ಎಂದು ಈ ವಿಧಾನ ಕೇಳುವುದಿಲ್ಲ, ಕಣ್ಣಿಗೆ ಮಣ್ಣೆರಚುವವರಿಗೆ ಅಷ್ಟೇ ಸಾಕು. ಗ್ಲೈಸಿನ್ ಎಂಬ ಅಗ್ಗದ ಅಮೈನೋ ಆಮ್ಲ ಒಂದು ಗ್ರಾಂ ಬೆರೆಸಿದರೆ ಲೆಕ್ಕದಲ್ಲಿ 1.17 ಗ್ರಾಂ ಪ್ರೊಟೀನ್ ಎಂದು ಬರುತ್ತದೆ. ಜಿಮ್‌ನವರು ಬಳಸುವ ಇನ್ನೊಂದು ಪುಡಿ ಕ್ರಿಯಾಟಿನ್, ಅದರ ಒಂದು ಗ್ರಾಂ ಎರಡು ಗ್ರಾಂ ಪ್ರೊಟೀನಿನ ವೇಷ ಹಾಕುತ್ತದೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆಸಿದ್ದೂ ಇದೇ ಕುತಂತ್ರದಿಂದ; ಮೂರು ಲಕ್ಷದಷ್ಟು ಮಕ್ಕಳು ಕಾಯಿಲೆ ಬಿದ್ದರು, ಆರು ಹಸುಗೂಸುಗಳು ಸತ್ತವು. ಗ್ಲೈಸಿನ್ ಆಗಲಿ, ಹೀಗೆಯೇ ಬೆರೆಸುವ ಟಾರಿನ್ ಆಗಲಿ ವಿಷವಲ್ಲ, ಅವನ್ನು ಮೆಲಮೈನ್ ಜೊತೆ ಸಮ ಮಾಡುತ್ತಿಲ್ಲ. ಆದರೆ ವೇ ಡಬ್ಬದ ಘಟಕಗಳ ಪಟ್ಟಿಯಲ್ಲಿ ಇವು ಪ್ರತ್ಯೇಕವಾಗಿ ಕಂಡರೆ ಸಂಶಯಪಡಿ. 25 ಗ್ರಾಂ ಪ್ರೊಟೀನ್ ಇದೆ ಎನ್ನುವ ಕಡೆ ಲ್ಯೂಸಿನ್ ಎರಡೂವರೆ ಗ್ರಾಂಗಿಂತ ತುಂಬಾ ಕಡಿಮೆ ಇದ್ದರೂ ಅಷ್ಟೇ.

ಶುದ್ಧತೆಯ ಬಗ್ಗೆ ಉಡಾಫೆ ಮಾಡುವವರಿಗೆ 1989 ನೆನಪಿರಲಿ. ಆ ವರ್ಷ ಅಮೆರಿಕದಲ್ಲಿ ಟ್ರಿಪ್ಟೊಫಾನ್ ಪೂರಕ ಸೇವಿಸಿದ 1,500ಕ್ಕೂ ಹೆಚ್ಚು ಜನರಿಗೆ ತೀವ್ರ ಸ್ನಾಯು ನೋವಿನ ಕಾಯಿಲೆ ಬಂತು, 30ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಹೆಚ್ಚಿನ ಪ್ರಕರಣಗಳ ಜಾಡು ಹಿಡಿದಾಗ ಸಿಕ್ಕಿದ್ದು ಒಂದೇ ತಯಾರಕರ ಕಲುಷಿತ ಸರಕು.

---

ಅರವತ್ತರ ನಂತರ:

ಹುಡುಗರ ಚರ್ಚೆಯಲ್ಲಿ ಮುದುಕನೊಬ್ಬ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ 67. ಕಾಲಿನ ಶಕ್ತಿ ಕುಗ್ಗುತ್ತಿದೆ, ಕುರ್ಚಿಯಿಂದ ಏಳುವಾಗ ಕೈ ಊರಬೇಕು. ಹೊಟ್ಟೆ ಮೊದಲಿನಂತೆ ಹಿಡಿಸುವುದಿಲ್ಲ. ನಾಲ್ಕು ತುತ್ತಿಗೇ ಸಾಕೆನಿಸುತ್ತದೆ. ನಮ್ಮಂಥವರಿಗೂ ಇದು ದಂಡವೇ? ಮಗಳು ಕೊಲಾಜೆನ್ ಪುಡಿ ತಂದುಕೊಟ್ಟಿದ್ದಾಳೆ, ಅದೂ ಪ್ರೊಟೀನೇ ಅಂತೆ.

---

ಆಸ್ಪತ್ರೆಯ ಆಹಾರತಜ್ಞೆ:

ಹಿರಿಯರೇ, ಈ ಚರ್ಚೆಯಲ್ಲಿ ಆ ಡಬ್ಬಗಳ ಬಗ್ಗೆ ಕೇಳಲು ನಿಜವಾದ ಕಾರಣವಿರುವವರು ನೀವೇ.

ವಯಸ್ಸಾದಂತೆ ಸ್ನಾಯುವಿಗೆ ಕಿವಿ ಮಂದವಾಗುತ್ತದೆ. ಯುವಕರಲ್ಲಿ 20 ಗ್ರಾಂ ಪ್ರೊಟೀನ್ ಮಾಡುವ ಕೆಲಸಕ್ಕೆ ನಿಮಗೆ 30, 35 ಗ್ರಾಂ ಬೇಕಾಗಬಹುದು. ಲ್ಯೂಸಿನ್ ಕೂಡ ಒಂದು ಹೊತ್ತಿನ ಊಟದಲ್ಲಿ ಮೂರು ಗ್ರಾಂನಷ್ಟಿದ್ದರೆ ಒಳ್ಳೆಯದು. ಆರೋಗ್ಯವಂತ ಹಿರಿಯರಿಗೆ ದೇಹತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೊಟೀನ್ ಬೇಕು ಎಂದು ತಜ್ಞರು ಹೇಳುತ್ತಾರೆ. ನಾಲ್ಕು ತುತ್ತಿಗೆ ಸಾಕೆನಿಸುವವರಿಗೆ ಅಷ್ಟು ತಿನ್ನುವುದೇ ಸಾಹಸ. ಇಂಥ ಕಡೆ ಒಂಬತ್ತೂ ಇರುವ, ಲ್ಯೂಸಿನ್ ಹೆಚ್ಚಿರುವ ಇಎಎ ಪುಡಿಗೆ ಅರ್ಥವಿದೆ: ಪ್ರಮಾಣ ಚಿಕ್ಕದು, ಹೊಟ್ಟೆ ತುಂಬಿಸುವುದಿಲ್ಲ. ವಯಸ್ಸಾದ ಮಹಿಳೆಯರಿಗೆ ಬರೀ ಮೂರು ಗ್ರಾಂ ಇಂಥ ಮಿಶ್ರಣ ಕೊಟ್ಟಾಗಲೂ ಸ್ನಾಯು ಪ್ರೊಟೀನ್ ತಯಾರಿಕೆ ಏರಿದ್ದು ಪ್ರಯೋಗಗಳಲ್ಲಿ ಕಂಡಿದೆ. ಹಾಲಿನ ಪ್ರೊಟೀನ್ ಪುಡಿಯೂ ನಡೆಯುತ್ತದೆ, ಅದನ್ನೇ ಮೊದಲು ನೋಡಿ.

ಮಗಳಿಗೆ ಬೇಸರವಾಗದ ಹಾಗೆ ಹೇಳಿ, ಕೊಲಾಜೆನ್ ಈ ಕೆಲಸಕ್ಕೆ ಅಲ್ಲ. ಅದರಲ್ಲಿ ಟ್ರಿಪ್ಟೊಫಾನ್ ಇಲ್ಲವೇ ಇಲ್ಲ, ಲ್ಯೂಸಿನ್ ತೀರಾ ಕಡಿಮೆ. ವಯಸ್ಸಾದ ಮಹಿಳೆಯರಿಗೆ ಒಂದು ಗುಂಪಿಗೆ ವೇ, ಇನ್ನೊಂದು ಗುಂಪಿಗೆ ಕೊಲಾಜೆನ್ ಕೊಟ್ಟು ಹೋಲಿಸಿದಾಗ ದಿನನಿತ್ಯದ ಸ್ನಾಯು ತಯಾರಿಕೆ ಏರಿದ್ದು ವೇ ಗುಂಪಿನಲ್ಲಿ ಮಾತ್ರ.

ಪುಡಿಗಿಂತ ಮೊದಲು ಎರಡು ಕೆಲಸ. ಮೂತ್ರಪಿಂಡದ ತೊಂದರೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ, ಇದ್ದರೆ ಪ್ರೊಟೀನಿನ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಆಮೇಲೆ ಆ ಕುರ್ಚಿಯಿಂದಲೇ ಶುರು ಮಾಡಿ. ಪಕ್ಕದಲ್ಲಿ ಹಿಡಿದುಕೊಳ್ಳಲು ಮೇಜು ಇರಲಿ. ಸಾಧ್ಯವಾದಷ್ಟು ಕೈ ಊರದೆ ಏಳಿ, ಧಪ್ಪೆಂದು ಬೀಳದೆ ನಿಧಾನವಾಗಿ ಕುಳಿತುಕೊಳ್ಳಿ. ಕುಳಿತುಕೊಳ್ಳುವ ಆ ನಿಧಾನದಲ್ಲೇ ತೊಡೆ ಹೆಚ್ಚು ದುಡಿಯುತ್ತದೆ. ಸ್ನಾಯುವಿಗೆ ಕೆಲಸ ಕೊಡದೆ ಅಮೈನೋ ಆಮ್ಲ ಮಾತ್ರ ಕೊಟ್ಟರೆ ಅದರ ಬಹುಪಾಲು ಉರಿದು ಶಕ್ತಿಯಾಗಿ ಹೋಗುತ್ತದೆ, ಮೂತ್ರದಲ್ಲಿ ಯೂರಿಯಾ ಆಗಿ ಹೊರಬೀಳುತ್ತದೆ.

ಬಿಸಿಎಎಗೂ ಔಷಧವಾಗಿ ಒಂದು ಜಾಗವಿದೆ. ಯಕೃತ್ತು ತೀರಾ ಹದಗೆಟ್ಟು ಮಿದುಳು ಮಂಕಾಗುವ ರೋಗಿಗಳಿಗೆ ನಮ್ಮ ವಾರ್ಡಿನಲ್ಲಿ ವೈದ್ಯರ ಸೂಚನೆಯ ಮೇಲೆ ಕೊಡುತ್ತೇವೆ. ತದ್ವಿರುದ್ಧವಾಗಿ, ಈ ಮೂರನ್ನು ಅರಗಿಸಿಕೊಳ್ಳಲಾಗದ ಅಪರೂಪದ ಜನ್ಮಜಾತ ಕಾಯಿಲೆಯ ಮಕ್ಕಳಿಗೆ ಇವು ವಿಷ. ಫಿನೈಲ್‌ಅಲನಿನ್ ಅರಗದ ಕಾಯಿಲೆ ಇರುವವರು ಇಎಎ ಡಬ್ಬವನ್ನು ಮುಟ್ಟಲೇಬಾರದು.

---

ಸಂಜೆಯ ಅಭ್ಯಾಸಿ:

ಇಷ್ಟು ವಿವರ ಸಿಗುತ್ತದೆ ಎಂದುಕೊಂಡಿರಲಿಲ್ಲ. ವೇ ಡಬ್ಬದ ಹಿಂಬದಿ ಓದಿದೆ; ಗ್ಲೈಸಿನ್, ಟಾರಿನ್ ಇಲ್ಲ, ಲ್ಯೂಸಿನ್ 2.6 ಗ್ರಾಂ ಎಂದಿದೆ. ಸಮಾಧಾನವಾಯಿತು. ಹಾಗಾದರೆ ಗ್ಲುಟಮಿನ್ ಕೂಡ ಬೇಡವೇ? ನನ್ನ ಭಾರ ಏಕೆ ನಿಂತಿದೆ? ಕ್ರಿಯಾಟಿನ್ ಹೆಸರು ಬಂತಲ್ಲ, ಅದೂ ಇದೇ ಜಾತಿಯದೇ?

---

ಆಸ್ಪತ್ರೆಯ ಆಹಾರತಜ್ಞೆ:

ಗ್ಲುಟಮಿನ್ ಬೇಡ. ಭಾರ ಎತ್ತುವ ಆರೋಗ್ಯವಂತ ಯುವಜನರಿಗೆ ಆರು ವಾರ ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿದ್ದಾರೆ. ಶಕ್ತಿಯಲ್ಲೂ ಸ್ನಾಯುವಿನಲ್ಲೂ ವ್ಯತ್ಯಾಸ ಬರಲಿಲ್ಲ.

ಕ್ರಿಯಾಟಿನ್ ಬೇರೆ ಸಂಗತಿ. ದೇಹ ಅದನ್ನು ಗ್ಲೈಸಿನ್, ಆರ್ಜಿನಿನ್, ಮೆಥಿಯೊನಿನ್‌ಗಳಿಂದ ತಯಾರಿಸಿಕೊಳ್ಳುತ್ತದೆ. ಆದರೆ ಅದು ಸ್ನಾಯು ಕಟ್ಟುವ ಸಾಮಗ್ರಿಯಲ್ಲ. ಜೋರಾಗಿ ಎತ್ತುವ ಆ ಕೆಲವು ಸೆಕೆಂಡುಗಳಿಗೆ ಶಕ್ತಿ ತುಂಬಿಕೊಡುತ್ತದೆ, ಅದರಿಂದ ಇನ್ನೊಂದೆರಡು ಸಲ ಹೆಚ್ಚು ಎತ್ತಬಹುದು. ಅಂಗಡಿಯ ಕಪಾಟಿನಲ್ಲಿರುವ ಪುಡಿಗಳಲ್ಲಿ ಪುರಾವೆ ಗಟ್ಟಿಯಾಗಿರುವುದು ಇದಕ್ಕೇ. ಮೊನೊಹೈಡ್ರೇಟ್ ರೂಪದ್ದು ದಿನಕ್ಕೆ 3ರಿಂದ 5 ಗ್ರಾಂ ಸಾಕು, ಯಾವ ಹೊತ್ತಿಗಾದರೂ ಸರಿ. ಮೊದಲ ವಾರಗಳಲ್ಲಿ ತೂಕ ಒಂದು ಕಿಲೋ ಏರಿದರೆ ಹಿಗ್ಗಬೇಡಿ, ಅದು ನೀರು.

ಭಾರ ಏಕೆ ನಿಂತಿತು ಎಂಬುದು ನೀವು ಬರೆದಿಡುವ ಅದೇ ಮೊಬೈಲ್‌ನಲ್ಲಿ ಇರಬಹುದು. ಪ್ರೊಟೀನ್ ಸರಿ, ಒಟ್ಟು ಕ್ಯಾಲೊರಿ ಎಷ್ಟು? ತೂಕ ತಿಂಗಳುಗಟ್ಟಲೆ 68ರಲ್ಲೇ ಇದ್ದರೆ ಊಟವೇ ಸಾಲುತ್ತಿಲ್ಲ. ನಿದ್ದೆ ಎಷ್ಟು ಗಂಟೆ? ಪ್ರತಿ ವಾರ ಅದೇ ಭಾರ, ಅದೇ ಎಣಿಕೆ, ಅದೇ ಕ್ರಮವೇ? ಇದನ್ನು ಸರಿಪಡಿಸಲು ಕಬ್ಬಿಣದ ಸರಳು ಅವರು ನನಗಿಂತ ಚೆನ್ನಾಗಿ ಹೇಳಬಲ್ಲರು, ವ್ಯಂಗ್ಯವಲ್ಲ.

ಡಬ್ಬವನ್ನು ಚೆಲ್ಲಬೇಕಿಲ್ಲ, ಅದು ಅಪಾಯವಲ್ಲ. ತೆರೆದದ್ದನ್ನು ಮುಗಿಸಿ, ಇನ್ನೊಂದು ತರಬೇಡಿ. ಕ್ರಿಯಾಟಿನ್ ಶುರು ಮಾಡಿದರೆ, ರಕ್ತ ಪರೀಕ್ಷೆಗೆ ಹೋಗುವಾಗ ವೈದ್ಯರಿಗೆ ಮೊದಲೇ ತಿಳಿಸಿ. ಕ್ರಿಯಾಟಿನ್ ಒಡೆದಾಗ ಆಗುವ, ಮೂತ್ರಪಿಂಡದ ಸ್ಥಿತಿ ತಿಳಿಯಲು ಅಳೆಯುವ ಕ್ರಿಯಾಟಿನಿನ್‌ನ ಅಂಕಿ ಸ್ವಲ್ಪ ಮೇಲೆ ಕಾಣಬಹುದು, ಮೂತ್ರಪಿಂಡ ಕೆಟ್ಟಿದೆ ಎಂದು ಅವರು ಗಾಬರಿಯಾಗದಿರಲಿ.

---

ಕಬ್ಬಿಣದ ಸರಳು:

ಅಭ್ಯಾಸಿಯವರೇ, ಯಾವ ಯಾವ ವ್ಯಾಯಾಮ, ಎಷ್ಟು ಕಿಲೋ, ಎಷ್ಟು ಸೆಟ್ ಎಂದು ನಾಲ್ಕು ದಿನದ್ದನ್ನೂ ಇಲ್ಲಿ ಬರೆಯಿರಿ. ಬಿಸಿಎಎ ವಿಷಯದಲ್ಲಿ ನನ್ನ ಅಭಿಪ್ರಾಯ ನನ್ನದು. ಆದರೆ ಸ್ಕ್ವಾಟ್ ನಿಂತಿದ್ದರೆ ನಾನು ಮೊದಲು ನೋಡುವುದು ಕೂಡ ಡಬ್ಬವನ್ನಲ್ಲ, ನೀವು ಎಷ್ಟು ಕೆಳಗೆ ಕೂರುತ್ತೀರಿ ಎಂಬುದನ್ನು.